ನೋಡಲು ಬಂದವರು

ರೋಗಿಯನ್ನು ನೋಡಲು ಬರುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕೈಯಲ್ಲಿ ಬನ್ನು, ಬಿಸ್ಕತ್ತು. ಬಾಯಲ್ಲಿ ‘ಅಯ್ಯೋ ಪಾಪ’. ಅಂಥವರ ಮುಂದೆ ಒಳ್ಳೆಯವಳೆನಿಸಿಕೊಳ್ಳಲು ಹೋಗಿ ನಾನು ಅವ್ವನ ನಡಿಗೆಯನ್ನೇ ಕಳೆದೆ.

ನ್ಯುಮೋನಿಯಾ ಆಗಿದ್ದ ಅವ್ವನನ್ನು ರಾಂಪುರದಿಂದ ಚಳ್ಳಕೆರೆಯ ಆಸ್ಪತ್ರೆಗೆ ತಂದಾಗ ಅವಳಿಗೆ ಉಸಿರೇ ಎಳೆಯಲಾಗುತ್ತಿರಲಿಲ್ಲ. ಐಸಿಯುನಲ್ಲಿ ಆರು ದಿನ ವೆಂಟಿಲೇಟರ್. ನಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಇನ್ನು ಉಳಿಯುವುದಿಲ್ಲವೆಂದು ನೆಂಟರಿಗೆಲ್ಲ ಫೋನ್ ಮಾಡಿದವಳೂ ನಾನೇ.

ಏಳನೆಯ ದಿನ ಗಂಟಲಿನ ಪೈಪು ತೆಗೆದರು. ಮರುದಿನವೇ ಫಿಸಿಯೋಥೆರಪಿಯವಳು ಬಂದು ಅವ್ವನನ್ನು ಎಬ್ಬಿಸಿ ಕೂರಿಸುತ್ತೇನೆಂದಳು. ಮೊಳಕಾಲ್ಮೂರು ಕಡೆಯವಳು, ಮಾತು ಕಡಿಮೆ.

“ಈಗ್ಲೇ ಯಾಕ್ರಿ? ಸುಸ್ತೈತೆ” ಅಂದೆ.

“ಮಲಗಿದಷ್ಟೂ ಕಾಲಿನ ಶಕ್ತಿ ಹೋಗ್ತೈತೆ ಮೇಡಂ. ಈ ವಯಸ್ಸಲ್ಲಿ ಹೋದ್ರೆ ವಾಪಸ್ ಬರೋದು ಕಷ್ಟ. ಇವತ್ತು ಕುಂತ್ರೆ ನಾಳೆ ನಿಂತ್ಕಂತಾರೆ.”

ನರ್ಸ್ ಆಕ್ಸಿಜನ್ ನಳಿಕೆ ಹಿಡಿದುಕೊಂಡಳು. ಇವಳು ಅವ್ವನ ಬೆನ್ನಿಗೆ ಕೈಕೊಟ್ಟು “ಲೇವಂಡಿ ಅಮ್ಮಾ, ಮೆಲ್ಲಗಾ ಲೇವಂಡಿ” ಎಂದು, ಮೆಲ್ಲಗೆ ಏಳಿ ಅಂತ ತನ್ನ ಕಡೆಯ ತೆಲುಗಿನಲ್ಲೇ ರಮಿಸುತ್ತ ಮಂಚದ ಅಂಚಿಗೆ ಕೂರಿಸಿದಳು. ಅವ್ವನ ಹೆಬ್ಬೆರಳು ನೆಲಕ್ಕೆ ತಾಗಿತು.

“ನೆಲ ತಣ್ಣಗೈತೆ ಕಣೇ” ಅಂತ ನಕ್ಕಳು. ಜಟಿಂಗ ರಾಮೇಶ್ವರದ ಬೆಟ್ಟವನ್ನು ಎಲ್ಲೂ ಕೂರದೆ ಹತ್ತುತ್ತಿದ್ದವಳು. ಆ ನಗು ನೋಡಿ ನಾನು ಅತ್ತುಬಿಟ್ಟೆ.

ಮಾರನೆಯ ದಿನ ನಾಲ್ಕು ಗಂಟೆಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ನೆಂಟರನ್ನು ಒಳಗೆ ಬಿಡುವ ಹೊತ್ತೂ ಅದೇ. ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಒಂದು ಗಾಡಿ ತುಂಬ ಜನರನ್ನು ಕರೆದುಕೊಂಡು ಬಂದಿದ್ದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

“ಏನೇ ಇದು! ಸಾಯ್ತಾಳೆ ಅಂತ ಫೋನ್ ಮಾಡ್ದೆ, ಕೆಲ್ಸ ಬಿಟ್ಟು ಓಡಿ ಬಂದ್ವಿ. ಇವ್ಳು ನೋಡಿದ್ರೆ ಮದುವೆ ಮನೇಲಿ ಕುಂತಂಗೆ ಕುಂತವ್ಳೆ!” ಆಮೇಲೆ ದನಿ ತಗ್ಗಿಸಿ, “ಹೆತ್ತ ತಾಯಿನ ಮಲಗೋಕೂ ಬಿಡಲ್ವಲ್ಲೇ. ಕಲ್ಲು ಮನಸು ನಿಂದು” ಅಂದಳು.

ಗಾಜಿನಾಚೆ ನಿಂತಿದ್ದ ಉಳಿದ ನೆಂಟರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.

“ಮಲಗಿಸಿಬಿಡ್ರಿ” ಎಂದು ಫಿಸಿಯೋಥೆರಪಿಯವಳಿಗೆ ಅಂದೆ.

“ಹತ್ತು ನಿಮಿಷನೂ ಆಗಿಲ್ಲ ಮೇಡಂ.”

“ನಮ್ಮ ತಾಯಿ ಕಣ್ರಿ ಅವ್ಳು. ಹೇಳ್ದಷ್ಟು ಮಾಡ್ರಿ.” ಅತ್ತೆಗೆ ಕೇಳಲಿ ಅಂತಲೇ ಜೋರಾಗಿ ಹೇಳಿದೆ. ಅತ್ತೆ ಮೆಚ್ಚಿದಂತೆ ತಲೆಯಾಡಿಸಿದಳು.

ಅಲ್ಲಿಂದ ದಿನಾ ನಾಲ್ಕಕ್ಕೆ ನಾನೇ ಅವ್ವನನ್ನು ಮಲಗಿಸಿ ಕತ್ತಿನವರೆಗೆ ಹೊದಿಸುತ್ತಿದ್ದೆ. “ಯಾರಾದ್ರೂ ಬಂದ್ರೆ ಕಣ್ಮುಚ್ಕೊ” ಎಂದು ಹೇಳಿಕೊಟ್ಟೆ. ಜನ ಹೋದ ಮೇಲೆ ಅವಳು ಒಂದು ಕಣ್ಣು ತೆರೆದು, “ಹೋದ್ರಾ? ಕುಂಡ್ರಿಸೇ ನನ್ನ” ಅನ್ನುತ್ತಿದ್ದಳು. ಅಷ್ಟು ಹೊತ್ತಿಗೆ ಫಿಸಿಯೋಥೆರಪಿಯವಳು ಬೇರೆ ರೋಗಿಯ ಹತ್ತಿರ ಇರುತ್ತಿದ್ದಳು. ಒಬ್ಬಳೇ ಎಬ್ಬಿಸಲು ನನಗೆ ಭಯ. ಪರಶುರಾಂಪುರದ ನೆಂಟರು ಬೆಳಗಿನ ಬಸ್ಸಿಗೇ ಬಂದು ಗಾಜಿನಾಚೆ ನಿಲ್ಲತೊಡಗಿದ ಮೇಲೆ ಬೆಳಗಿನ ಹೊತ್ತು ಕೂರಿಸುವುದೂ ತಪ್ಪಿತು. “ನಾಳೆ ಮಾಡಿಸೋಣ ಬಿಡ್ರಿ” ಅನ್ನುತ್ತಿದ್ದೆ. ಐದಾರು ದಿನ ಕಳೆದ ಮೇಲೆ ಅವ್ವ ಕೂರಿಸು ಅಂತ ಕೇಳುವುದನ್ನೇ ಬಿಟ್ಟಳು.

ಕೊನೆಗೊಂದು ದಿನ ಇಬ್ಬರು ಹಿಡಿದು ನಿಲ್ಲಿಸಿದರು. ಮಂಡಿ ಮಡಚಿಕೊಂಡಿತು. ಫಿಸಿಯೋಥೆರಪಿಯವಳು ನನ್ನ ಮುಖ ನೋಡಿ, ಅವ್ವನನ್ನು ಮಲಗಿಸಿ ತಾನೇ ಕತ್ತಿನವರೆಗೆ ಹೊದಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ವರ್ಷದ ಮೇಲಾಯಿತು. ಅವ್ವ ರಾಂಪುರದ ಮನೆಯಲ್ಲಿ ಮಂಚ ಹಿಡಿದಿದ್ದಾಳೆ. ಕೈಕಾಲು ಆಡಿಸುವುದನ್ನು ಮನೆಯಲ್ಲೇ ಮಾಡಿಸುತ್ತೇನೆ, ಮನಸ್ಸಿದ್ದರೆ ಮಾಡುತ್ತಾಳೆ.

ಮೊನ್ನೆ ದಿಂಬು ಕೊಟ್ಟು ಕೂರಿಸಿದ್ದೆ. ಬಾಗಿಲಲ್ಲಿ ಸೋದರತ್ತೆಯ ದನಿ ಕೇಳಿತು. ನಾನು ಎದ್ದು ಹೋಗಿ ಕರೆತರುವಷ್ಟರಲ್ಲಿ ಅವ್ವ ದಿಂಬಿನಿಂದ ಜಾರಿ, ಹೊದಿಕೆ ಎಳೆದುಕೊಂಡು ಕಣ್ಣು ಮುಚ್ಚಿದ್ದಳು. ಅತ್ತೆ ಪಕ್ಕದಲ್ಲಿ ಕೂತು ಅವಳ ಕಾಲು ಸವರಿದಳು.

“ಎಬ್ಬಿಸಿ ಎಬ್ಬಿಸಿ ಕಾಲು ಹಾಳು ಮಾಡಿದ್ರು ನೋಡು, ಆ ಆಸ್ಪತ್ರೆಯೋರು. ನಾನು ಅವತ್ತೇ ಹೇಳಿದ್ದೆ.”

ಕಾಫಿ ಕುಡಿದು ಹೋದಳು. ನಾನು ಅವ್ವನ ಹತ್ತಿರ ಬಂದು, “ಹೋದ್ರವ್ವಾ. ಕುಂತ್ಕಂತೀಯಾ?” ಅಂದೆ.

ಅವ್ವ ಕಣ್ಣು ತೆರೆಯಲಿಲ್ಲ.

“ಬ್ಯಾಡ ಬಿಡು. ಇನ್ಯಾರಾದ್ರೂ ಬಂದ್ರೆ?” ಅಂದಳು.