ದುಂಡಮ್ಮನ ಮನೆಯ ಜೋಡಿ ಹೆಬ್ಬೆರಳು

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿಯಲ್ಲಿ ಮೂವತ್ತು ವರ್ಷ ಮಾರಿದ್ದೇನೆ. ಗಿರಾಕಿ ಬಂದು 'ಇದು ತಿಂದರ ಏನಾಗತದ?' ಎಂದರೆ, 'ರಕ್ತ ಆಗತದ, ಬಣ್ಣ ನೋಡ್ರಿ' ಎನ್ನುತ್ತಿದ್ದೆ. ಸಿಪ್ಪೆ ಕೆಂಪಗಿದ್ದರೆ ರಕ್ತವೂ ಕೆಂಪಗಾಗುತ್ತದೆ ಎಂಬುದು ವ್ಯಾಪಾರಿಯ ವೈದ್ಯಶಾಸ್ತ್ರ. ಅದು ಸುಳ್ಳೆಂದು ಯಾರೂ ಮುಖದ ಮೇಲೆ ಅಂದಿರಲಿಲ್ಲ, ದುಂಡಮ್ಮನೊಬ್ಬಳನ್ನು ಬಿಟ್ಟು. ಆ ಹಣ್ಣು ಬೆಳೆದು ತಂದುಕೊಡುತ್ತಿದ್ದವಳೂ ಅವಳೇ.

ಕಮಲಾಪುರದಿಂದ ಬೆಳಗಿನ ಮೊದಲ ಬಸ್ಸಿನ ಮೇಲೆ ಗೊನೆಗಳನ್ನು ಹೇರಿಕೊಂಡು ಬರುತ್ತಿದ್ದಳು. ಗಂಡ ಕಾಶಿರಾಯ ತೋಟ ಬಿಟ್ಟು ಕದಲುವವನಲ್ಲ, ಬಾಯಿ ಬಿಟ್ಟು ಮಾತಾಡುವವನೂ ಅಲ್ಲ. ಹಿರಿಯ ಮಗಳು ರೇವಮ್ಮ ಮನೆ ನೋಡಿಕೊಳ್ಳುತ್ತಿದ್ದಳು. ಚಿಕ್ಕ ಮಗ ಚಂದ್ರಶಾ ಮಾತ್ರ ತಾಯಿಯ ಸೆರಗು ಹಿಡಿದು ಬರುತ್ತಿದ್ದ. ಅವನ ಬಲಗೈ ಹೆಬ್ಬೆರಳು ತುದಿಯಲ್ಲಿ ಎರಡಾಗಿ ಒಡೆದಿತ್ತು.

"ಅದೃಷ್ಟದ ಬೆರಳ್ರಿ ಸಾವಕಾರ್ರ. ನಮ್ಮ ಮನಿತನದಾಗ ಆಗೊಂದು ಈಗೊಂದು ಹುಟ್ಟತಾವ."

ಅದೃಷ್ಟ ಎಂದ ಮೇಲೆ ನಾನು ಬಿಡುವವನೇ? ಬೋಣಿಗೆ ಮೊದಲು ಹುಡುಗನ ಕೈಯಿಂದ ಗೊನೆ ಮುಟ್ಟಿಸತೊಡಗಿದೆ. ವ್ಯಾಪಾರ ಹೆಚ್ಚಿತೋ ಗೊತ್ತಿಲ್ಲ, ಬಂದಾಗೊಂದು ಹಣ್ಣಿನ ಸಂಬಳ ಅವನಿಗೆ ಗಟ್ಟಿಯಾಯಿತು.

ತೊಂಬತ್ತಮೂರರಲ್ಲಿ, ಏಳು ತುಂಬುವ ಹೊತ್ತಿಗೆ, ಹುಡುಗ ಬಿಳಿಚಿಕೊಂಡ. ಎಲ್ಲಿ ತಾಗಿದರೂ ಮೈಮೇಲೆ ನೀಲಿ ಕಲೆ. ಟಾನಿಕ್ ಆಯಿತು, ಕಬ್ಬಿಣದ ಗುಳಿಗೆ ಆಯಿತು, ದೃಷ್ಟಿ ತೆಗೆಸಿದ್ದಾಯಿತು. ನನ್ನ ಕಡೆಯಿಂದ ಒಂದು ಹಣ್ಣಿನ ಬದಲು ಎರಡಾದವು. ಕಡೆಗೆ ಇಲ್ಲಿಯ ದವಾಖಾನೆಗೆ ತಂದರು. ಮಕ್ಕಳ ಡಾಕ್ಟರಮ್ಮ, ಎಲ್ಲರೂ ಡಾಕ್ಟರ್ ಬಾಯಿ ಎನ್ನುವವಳು, ಹುಡುಗನ ಕಣ್ಣು, ನಾಲಿಗೆ ನೋಡಿ ಮುಗಿಸಿ, ಆ ಹೆಬ್ಬೆರಳನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಳಂತೆ. ರಕ್ತ ಹೈದರಾಬಾದಿಗೆ ಹೋಯಿತು. ಅಲ್ಲಿಂದ ಬಂದ ಚೀಟಿಯಲ್ಲಿ ಫ್ಯಾಂಕೋನಿ ಅನೀಮಿಯಾ ಎಂದಿತ್ತು.

ದುಂಡಮ್ಮ ನನ್ನ ಅಂಗಡಿಯ ಖಾಲಿ ಬುಟ್ಟಿ ಬೋರಲು ಹಾಕಿ ಕುಳಿತು ಹೇಳಿದಳು: "ಮೈಯೊಳಗಿನ ಎಳಿ ದಿನಾ ಹರೀತಾವಂತ್ರಿ. ಒಳಗೊಬ್ಬ ರಫೂದವ ಕುಂತು ಅವನ್ನ ಹೊಲೀತಾನಂತ. ಹೆಂಗ ಹೊಲೀಬೇಕಂತ ಬರದ ಚೀಟಿ ಎರಡಿರತಾವ, ಒಂದು ಅಪ್ಪಂದು, ಒಂದು ಅವ್ವಂದು. ಒಂದು ಕೆಟ್ಟಿದ್ದರ ಇನ್ನೊಂದು ನೋಡಿ ಕೆಲಸ ಮಾಡತಾನ. ನನ್ನ ಕಡಿ ಒಂದು ಕೆಟ್ಟದ್ದದ, ಇವರಪ್ಪನ ಕಡಿ ಒಂದದ. ನಮಗೇನೂ ಆಗಿಲ್ಲ. ಈ ಪೋರಗ ಎರಡೂ ಕೆಟ್ಟವೇ ಬಂದಾವ. ಅದಕ್ಕ ಎಲುವಿನೊಳಗ ರಕ್ತ ಹುಟ್ಟೋದು ನಿಲ್ಲಾಕತ್ತದ."

"ಇಬ್ಬರ ಕಡೆನೂ ಅದೇ ಚೀಟಿ ಹೆಂಗ ಕೆಟ್ಟಿತು?"

"ಅದನ್ನೇ ಕೇಳಿದಳ್ರಿ ಡಾಕ್ಟರ್ ಬಾಯಿ, ಗಂಡ ನಿನಗೇನಾಗಬೇಕು ಅಂತ. ನಮ್ಮವ್ವನ ಸ್ವಂತ ತಮ್ಮ, ಹೊರಗಿನವನಲ್ಲ ಅಂತ ಎದಿ ಉಬ್ಬಿಸಿ ಹೇಳಿದೆ. ಬಾಯಿ ಪೆನ್ನು ಕೆಳಗಿಟ್ಟಳು."

ಕಬ್ಬಿಣದ ಗುಳಿಗೆ ಬಂದ್ ಆಯಿತು. ತಿಂಗಳಿಗೊಮ್ಮೆ ರಕ್ತ ಏರಿಸಬೇಕು, ಅದೂ ಎಷ್ಟು ದಿನವೋ ಹೇಳಲಾಗದು. ಅಷ್ಟರಲ್ಲಿ ಗಿರಾಕಿಯೊಬ್ಬ ಹಣ್ಣಿನ ಗುಣ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ರುಚಿ ಅದ, ತಗೋರಿ. ರಕ್ತ-ಗಿಕ್ತ ಏನಾಗಂಗಿಲ್ಲ."

ರಕ್ತದ ಭಾರ ಹೊತ್ತವನು ಅವಳ ತಮ್ಮ ಮಲ್ಕಪ್ಪ. ಮೂರು ತಿಂಗಳಿಗೊಮ್ಮೆ ತಾನು ಕೊಡುವನು, ಉಳಿದ ತಿಂಗಳು ತಾಲೀಮಿನ ಗರಡಿಯ ಗೆಳೆಯರಲ್ಲಿ ಒಬ್ಬನನ್ನು ಎಳೆದು ತರುವನು. ಅಳಿಯನ ಮೇಲಿನ ಪ್ರೀತಿ ನಿಜ. ಅದರ ಜೊತೆಗೆ, ರೇವಮ್ಮ ಅವನಿಗೇ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಹುಡುಗಿಗೆ ಈಗ ಹದಿನೆಂಟು.

ಡಾಕ್ಟರ್ ಬಾಯಿ ಇನ್ನೊಂದು ಕೇಳಿದ್ದಳು, ಇಂಥ ಬೆರಳು ಮನೆತನದಲ್ಲಿ ಮತ್ತೆ ಯಾರಿಗಿತ್ತು? ಅದನ್ನು ಹೇಳಬೇಕಾದವನು ಹೆಳವ. ವಂಶಾವಳಿ ಹಾಡುವ ಮಾಪಣ್ಣ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದ. ಗೊನೆ ನೋಡಲು ಹೋಗಿದ್ದ ನಾನೂ ದುಂಡಮ್ಮನ ಅಂಗಳದಲ್ಲಿ ಕುಳಿತೆ.

"ಈ ಮನಿ ಹೆಣ್ಣು ಆ ಮನಿಗೆ, ಆ ಮನಿ ಹೆಣ್ಣು ಈ ಮನಿಗೆ! ನಾಕು ತಲಿಮಾರು ಆದರೂ ಹೊರಗಿನವರ ಹೊಸ್ತಿಲ ತುಳಿಯದ ವಂಶ! ಜೋಡಿ ಹೆಬ್ಬೆರಳಿನ ಪುಣ್ಯವಂತರು ಹುಟ್ಟಿದ ವಂಶ!"

ಮಲ್ಕಪ್ಪನ ಕೈ ಮೀಸೆಗೆ ಹೋಯಿತು. ದುಂಡಮ್ಮ ನಡುವೆಯೇ ತಡೆದಳು. "ಮಾಪಣ್ಣ, ಆ ಬೆರಳು ಯಾರ್ಯಾರಿಗಿತ್ತು?"

ಅವನು ಮೂರು ಹೆಸರು ಹೇಳಿದ.

"ಅವರ ಹೆಂಡರು, ಮಕ್ಕಳು?"

ಮಾಪಣ್ಣ ಹಳೆಯ ಪುಸ್ತಕದ ಹಾಳೆ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ. "ಅವರ ಮುಂದ ಏನೂ ಬರದಿಲ್ಲವ್ವಾ. ಮೂರೂ ಸಣ್ಣವಿದ್ದಾಗಲೇ ಹೋಗ್ಯಾವ. ಸತ್ತ ಕೂಸಿನ ಮ್ಯಾಲ ನಾವು ಹಾಡಂಗಿಲ್ಲ."

ದುಂಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಉಪ್ಪು ಕಡಿಮೆ ಆಗಿದೆ ಎಂಬಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಮಲ್ಕಪ್ಪ, ರೇವಮ್ಮನ್ನ ನಿನಗ ಕೊಡಂಗಿಲ್ಲ."

"ನನಗೇನಾಗ್ಯದ ಯಕ್ಕಾ? ಎತ್ತಿನಂಗ ಇದ್ದೀನಿ!"

"ನನಗೂ ಏನೂ ಆಗಿಲ್ಲ. ನಿಮ್ಮ ಮಾವಗೂ ಆಗಿಲ್ಲ. ಏನೂ ಆಗದವರ ಹೊಟ್ಟ್ಯಾಗೇ ಇದು ಹುಟ್ಟಿತು."

"ರೇವಮ್ಮನೊಳಗ ಆ ಕೆಟ್ಟ ಚೀಟಿ ಅದ ಅಂತ ಆ ಬಾಯಿ ಹೇಳ್ಯಾಳೇನು?"

"ಇರಬಹುದು, ಇಲ್ಲದಿರಬಹುದು. ನಿನಗೂ ಹಂಗೇ. ಓದಿ ಹೇಳೋ ಮಷಿನ್ ಈ ಕಡಿ ಎಲ್ಲೂ ಇಲ್ಲಂತ. ತೋಟಕ್ಕ ರೋಗ ಬಿದ್ದಾಗ ಬ್ಯಾರೆ ಊರಿನ ಬಾಳಿ ಕಂದು ತಂದು ಹಚ್ಚಿದವ ನೀನೇ ಅಲ್ಲೇನು?"

"ಬಾಳಿ ಗಿಡಕ್ಕ ಮರ್ಯಾದಿ ಇಲ್ಲ, ನನಗದ. ಸ್ವಂತ ಅಕ್ಕನೇ ಹೆಣ್ಣು ಕೊಡಲಿಲ್ಲಂತ ಊರೆಲ್ಲ ಅಂತದ."

"ಅಂದು ಅಂದು ಊರ ಬಾಯಿ ದಣೀಲಿ. ನಾ ಮೊದಲೇ ದಣದೀನಿ."

ಮಲ್ಕಪ್ಪ ಎದ್ದು ಚಪ್ಪಲಿ ಮೆಟ್ಟಿದ. "ಹಂಗಾರ ರಕ್ತಾನೂ ಹೊರಗಿನವರ ಕಡೆನೇ ತಗೋ."

ಕಾಶಿರಾಯ ಅಲ್ಲೇ ಇದ್ದ. ಒಳಗೆ ಹೋಗಿ ಮೊರದ ತುಂಬ ಜೋಳ ತಂದು ಹೆಳವನ ಜೋಳಿಗೆಗೆ ಸುರಿದ. ಅವನ ಅಭಿಪ್ರಾಯ ಅಷ್ಟೇ.

ಮುಂದಿನ ತಿಂಗಳಿನಿಂದ ದುಂಡಮ್ಮ ದವಾಖಾನೆಯ ಬೆಂಚಿನ ಮೇಲೆ ಮಗನನ್ನು ಮಲಗಿಸಿ ಹೊರಗೆ ಬಂದು ತೋಳಿದ್ದವರನ್ನೆಲ್ಲ ರಕ್ತ ಕೇಳತೊಡಗಿದಳು. ಮೋಮಿನಪುರದ ಆಟೋದ ಬಂದೇನವಾಜ್, "ಅಮ್ಮಾ, ಪೆಟ್ರೋಲ್ ಬಿಟ್ಟು ಏನ್ ಬೇಕಾದ್ರೂ ತಗೋರಿ" ಎಂದು ಕೊಟ್ಟ. ನನ್ನನ್ನು ಅವಳು ಕೇಳಲಿಲ್ಲ. ನನಗೆ ಯಾವಾಗಲೂ ಸೀಜನ್ ಇರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮೂರನೇ ತಿಂಗಳು ಯಾರೂ ಸಿಗದೆ ಅಂಗಡಿ ಮುಂದೆ ನಿಂತಳು.

"ಸಾವಕಾರ್ರ, ಇಷ್ಟು ವರ್ಷ ಕೆಂಪು ಹಣ್ಣು ತಿಂದೀರಿ. ಎಷ್ಟು ರಕ್ತ ಆಗ್ಯದ ನೋಡೂಣು ನಡೀರಿ."

ಹೋದೆ. ಸೂಜಿ ನೋಡಿದೊಡನೆ ನನಗೆ ತಲೆ ತಿರುಗಿತು. ಪಕ್ಕದ ಮಂಚದ ಮೇಲಿದ್ದ ಚಂದ್ರಶಾ ಆ ಜೋಡಿ ಬೆರಳಿನಿಂದ ನನ್ನ ಕೈ ಮುಟ್ಟಿ, "ಬೋಣಿ" ಎಂದು ನಕ್ಕ.

ಸ್ವಂತ ಮಾವನೇ ಒಲ್ಲೆನೆಂದ ಹುಡುಗಿಯಲ್ಲಿ ಏನೋ ಐಬು ಇರಬೇಕೆಂದು ಊರು ತೀರ್ಮಾನಿಸಿತು. ಒಲ್ಲೆನೆಂದವಳು ತಾಯಿ ಎಂಬುದು ಯಾರಿಗೂ ಬೇಕಿರಲಿಲ್ಲ. ನಾಲ್ಕು ವರಗಳು ಉಪ್ಪಿಟ್ಟು ತಿಂದು ಹೋದವು. ಐದನೆಯವನು ಆಳಂದ ಕಡೆಯ ಮೇಷ್ಟ್ರು. ಎರಡು ಮನೆಗೂ ಹಿಂದೆ ಮುಂದೆ ಯಾವ ನಂಟೂ ಇಲ್ಲ ಎಂದು ದುಂಡಮ್ಮ ಹೆಳವನಿಂದಲೇ ಹೇಳಿಸಿಕೊಂಡು ಒಪ್ಪಿದಳು. ಮಲ್ಕಪ್ಪ ಮದುವೆಗೆ ಬರಲಿಲ್ಲ. ಅಕ್ಕನ ಮೇಲಿನ ಸಿಟ್ಟಿಗೆ ಬೀದರಿನಾಚೆಯ, ಹೆಸರೇ ಕೇಳದ ಊರಿನ ಹೆಣ್ಣು ತಂದು ತಾನೂ ಮದುವೆಯಾದ. ಸುದ್ದಿ ಕೇಳಿ ದುಂಡಮ್ಮ, "ಸಿಟ್ಟಿಗೆ ಬುದ್ಧಿ ಅದ ನೋಡ್ರಿ" ಎಂದಳು.

ಚಂದ್ರಶಾ ಹನ್ನೊಂದನೇ ವರ್ಷಕ್ಕೆ ಹೋದ. ಯಾರ ರಕ್ತವೂ ಅವನ ಮೈಯಲ್ಲಿ ನಿಲ್ಲದ ದಿನ ಬಂತು. ಮಣ್ಣಿಗೆ ಹೊತ್ತುಕೊಂಡು ಹೋದವನು ಮಲ್ಕಪ್ಪ. ಅಕ್ಕನ ಜೊತೆ ಆಗಲೂ ಮಾತಾಡಲಿಲ್ಲ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ರೇವಮ್ಮ ಹೆರಿಗೆಗೆ ಇಲ್ಲಿಯ ದವಾಖಾನೆಗೇ ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ದುಂಡಮ್ಮ ಅಂಗಡಿಗೆ ಬಂದು, ಹಳೆಯ ರೂಢಿಯಂತೆ ಬುಟ್ಟಿ ಬೋರಲು ಹಾಕಿ ಕುಳಿತಳು.

"ಆಯಿತೇನು?"

"ಆತ್ರಿ. ಇಬ್ಬರೂ ಆರಾಮ ಇದ್ದಾರ."

"ಗಂಡೋ ಹೆಣ್ಣೋ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ಎರಡೂ ಕೈ ಎತ್ತಿ ಹೆಬ್ಬೆರಳುಗಳನ್ನು ನೋಡಿಕೊಂಡಳು.

"ಕೂಸಿಂದು ಎರಡೂ ಚೊಲೋ ಅವ್ರಿ," ಎಂದಳು. "ಉಳಿದದ್ದು ನೋಡಲಿಲ್ಲ."

ಹೋಗಿ ನೋಡಿ ಬಾ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಗೊನೆಗಳಿಗೆ ತಲೆಯಾನಿಸಿ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಒಬ್ಬ ಗಿರಾಕಿ ಬಂದು ಆ ಗೊನೆಯೇ ಬೇಕೆಂದ. ಬೇರೆಯದು ಕೊಟ್ಟು ಕಳಿಸಿದೆ.