ಬೆತ್ತದ ಕುರ್ಚಿಯ ಹಿಂದೆ ಏಕನಾಥಮ್ಮ

ಮೂಡಲಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಾಲ್ಲೂಕು ಕಚೇರಿಯ ಬಾಗಿಲು ತೆರೆದ ಜವಾನ ಜಮಾಲ್ ಸಾಬ್ ತಾನು ಒಳಗೆ ಹೋಗದೆ ಜಗಲಿಯ ಮೇಲೆ ಕೂರುತ್ತಾನೆ. ಒಳಗಿನಿಂದ ಪೊರಕೆಯ ಸದ್ದು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಸದ್ದು ನಿಂತಾಗಲೆಲ್ಲ ಕಸ ಗುಡಿಸುವ ಏಕನಾಥಮ್ಮ ಯಾರದೋ ಆಸನದ ಹಿಂದೆ ಕಣ್ಣು ಮುಚ್ಚಿಕೊಂಡು ನಿಂತಿರುತ್ತಾಳೆ. ತೆಂಗಿನ ಕಡ್ಡಿಯ ಪೊರಕೆ ಕಂಕುಳಲ್ಲಿರುತ್ತದೆ. ಮೊದಲು ಗುಮಾಸ್ತರ ಜಮಖಾನ, ಆಮೇಲೆ ಶಿರಸ್ತೇದಾರರ ದಿಂಬು, ಕೊನೆಗೆ ಅಮಲ್ದಾರರ ಬೆತ್ತದ ಕುರ್ಚಿ.

"ಯೇಸುಸ್ವಾಮೀ, ಇಲ್ಲಿ ಕುಂತ್ಕಳೋರ ಆತ್ಮ ಕಾಯಪ್ಪ. ಇವ್ರಿಗೆ ರಕ್ಷಣೆ ಕೊಡು." ಅಷ್ಟೇ ಆಕೆಯ ಪ್ರಾರ್ಥನೆ. ಆ ಆಸನಗಳಲ್ಲಿ ಕೂರುವವರು ಯಾರೂ ತಮಗೆ ರಕ್ಷಣೆ ಬೇಕೆಂದು ಅರ್ಜಿ ಹಾಕಿಕೊಂಡವರಲ್ಲ. ತಮ್ಮ ಬೆನ್ನ ಹಿಂದೆ ದಿನಾ ಹೀಗೊಂದು ನಡೆಯುತ್ತಿದೆಯೆಂಬುದೂ ಅವರಿಗೆ ಗೊತ್ತಿಲ್ಲ. ಗೊತ್ತಾದರೆ ಕೂಗಾಡುವವರಿದ್ದಾರೆ, ಆಕೆಯ ಕೈಯಿಂದ ಪೊರಕೆ ಕಿತ್ತುಕೊಳ್ಳುವವರಿದ್ದಾರೆ. ಅದಕ್ಕೇ ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಚಿತ್ರದುರ್ಗದ ಸೀಮೆಯ ಒಂದು ತಾಲ್ಲೂಕು ಎಂದುಕೊಂಡರೆ ಸಾಕು.

ಏಕನಾಥಮ್ಮ ಹುಟ್ಟಿದ್ದು ಹಿರಿಯೂರು ಕಡೆಯ ಯಲ್ಲದಕೆರೆಯಲ್ಲಿ. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ ಜನ ಗುಳೆ ಎದ್ದು ಹೋಗುವಾಗ ಅಪ್ಪ ಅಮ್ಮ ಇಬ್ಬರೂ ದಾರಿಯಲ್ಲೇ ಸತ್ತರು. ಹೆಣಗಳ ಪಕ್ಕ ಕೂತಿದ್ದ ಮಗುವನ್ನು ಮಿಶನ್ನಿನವರು ಎತ್ತಿಕೊಂಡು ಹೋಗಿ ಸಾಕಿದರು, ದೀಕ್ಷಾಸ್ನಾನ ಕೊಟ್ಟು ಮಾರ್ತಮ್ಮ ಎಂದು ಹೆಸರಿಟ್ಟರು. ಆಕೆ ದೇವರನ್ನು ಮನಸಾರೆ ಒಪ್ಪಿಕೊಂಡಳು, ಹೆಸರನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. "ನಮ್ಮಮ್ಮ ನಂಗೆ ಬಿಟ್ಟೋಗಿದ್ದು ಅದೊಂದೇ ಹೆಸ್ರು ಕಣ್ರಿ. ಅದ್ನೂ ಕೊಟ್ಬಿಟ್ರೆ ಹೆಂಗೆ?" ಎಂದು ಕೇಳುತ್ತಾಳೆ.

ದೊರೆಗಳಿಗಾಗಿ, ಅಧಿಕಾರದಲ್ಲಿ ಇರುವವರಿಗಾಗಿ ಪ್ರಾರ್ಥಿಸಬೇಕೆಂದು ಆಕೆಗೆ ಕಲಿಸಿದವರು ಸಭೆಯ ಉಪದೇಶಿ ಮೂರ್ತಪ್ಪನವರು. ಉಳಿದವರು ಭಾನುವಾರ ಒಂದೇ ಆಮೆನ್ನಿನಲ್ಲಿ ಮಹಾರಾಜರಿಂದ ಪಟೇಲರವರೆಗೆ ಎಲ್ಲರನ್ನೂ ಮುಗಿಸಿ ಊಟಕ್ಕೆ ಏಳುತ್ತಾರೆ. ಏಕನಾಥಮ್ಮನಿಗೆ ಅದು ಸರಿಬರಲಿಲ್ಲ. ಗಂಡ ತೀರಿಕೊಂಡ ಮೇಲೆ ಕಚೇರಿಯ ಕೆಲಸ ಸಿಕ್ಕಾಗ, ಅಧಿಕಾರ ಕೂರುವ ಜಾಗಗಳೇ ಆಕೆಯ ಪೊರಕೆಯ ಕೆಳಗೆ ಬಂದವು. "ಹೊಲಕ್ಕೆ ಗೊಬ್ಬರ ಹಾಕೋರು ಸಾಲು ಸಾಲಿಗೆ ಹಾಕ್ತಾರೆ. ದಿಣ್ಣೆ ಮ್ಯಾಲೆ ನಿಂತ್ಕಂಡು ಎಲ್ಲಾದ್ಕೂ ಒಂದೇ ಸಲ ಎಸೀತಾರೇನ್ರಿ?"

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಹೋದ ವರ್ಷ ಪ್ಲೇಗು ಕಾಲಿಟ್ಟಿತು. ಇಲಿ ಸತ್ತು ಬಿದ್ದ ಕೇರಿಗಳನ್ನು ಖಾಲಿ ಮಾಡಿಸಿ, ಒಳಗೆ ಬಿಸಿಲು ಬೀಳಲೆಂದು ಮನೆಗಳ ಹೆಂಚು ಇಳಿಸಿದರು. ತಪಾಸಣೆಯವರು ಮನೆಮನೆಗೆ ನುಗ್ಗಿ ಕಂಕುಳು, ತೊಡೆಸಂದು ಒತ್ತಿ ನೋಡುತ್ತಿದ್ದರು. ಗಡ್ಡೆ ಕೈಗೆ ಸಿಕ್ಕಿದವರನ್ನು ಊರಾಚೆ ಬೇಲಿ ಹಾಕಿದ ಗುಡಿಸಲುಗಳಿಗೆ ಸಾಗಿಸುತ್ತಿದ್ದರು. ಆಗ ಏಕನಾಥಮ್ಮನ ಒಬ್ಬಳೇ ಮಗಳು ಪುಟ್ಟಕ್ಕನ ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೀವಾಗಿತ್ತು. ಕಾಲಿನ ಗಾಯಕ್ಕೆ ತೊಡೆಸಂದಿನಲ್ಲಿ ಗಂಟು ಏಳುವುದನ್ನು ಆ ಜಾಲಿ ಸೀಮೆಯಲ್ಲಿ ಕಾಣದವರಿಲ್ಲ. ಮುಳ್ಳು ತೆಗೆದರೆ ಗಂಟು ತಾನೇ ಇಳಿಯುತ್ತದೆ. ತಪಾಸಣೆಯವನು ಗಂಟನ್ನು ಮುಟ್ಟಿದ, ಅಂಗಾಲನ್ನು ನೋಡಲಿಲ್ಲ.

ಅಮಲ್ದಾರರು ಕೇರಿಯ ತುದಿಯಲ್ಲಿ ಕುದುರೆಯ ಮೇಲಿದ್ದರು. ಏಕನಾಥಮ್ಮ ಮಗಳನ್ನು ಹೊತ್ತುಕೊಂಡೇ ಓಡಿಹೋಗಿ, ಆ ಪುಟ್ಟ ಕಾಲನ್ನು ಎತ್ತಿ ಹಿಡಿದಳು. "ಬುದ್ಧೀ, ಪಿಲೇಗಲ್ಲ ಇದು. ಮುಳ್ಳೈತೆ, ಇಳಿದು ಒಂದೀಟು ಕಾಲು ನೋಡ್ರಿ," ಎಂದಳು. ಅಮಲ್ದಾರರು ಇಳಿಯಲಿಲ್ಲ. ಮೂಗಿಗೆ ಹಿಡಿದ ವಸ್ತ್ರವನ್ನೂ ತೆಗೆಯದೆ "ನಾಳೆ ನೋಡೋಣ" ಎಂದು ಕುದುರೆ ತಿರುಗಿಸಿದರು.

ಆ ನಾಳೆ ಬರಲೇ ಇಲ್ಲ. ಪುಟ್ಟಕ್ಕನನ್ನು ನಿಜವಾದ ರೋಗಿಗಳ ನಡುವೆ ಮಲಗಿಸಿದರು. ಮುಳ್ಳಿನ ಗಂಟು ಇಳಿಯುವ ಮೊದಲೇ ಆಕೆಗೆ ಪ್ಲೇಗಿನ ಜ್ವರ ಹತ್ತಿತು. ತಾಯಿಯನ್ನು ಬೇಲಿಯಿಂದ ಒಳಗೆ ಬಿಡಲಿಲ್ಲ. "ಅಮ್ಮಾ ಅಂತ ಕೂಗೋದು ಕೇಳ್ತಿತ್ರಿ. ಆಮ್ಯಾಕೆ ಕೇಳ್ಲಿಲ್ಲ," ಎನ್ನುತ್ತಾಳೆ ಏಕನಾಥಮ್ಮ. ಸತ್ತವರನ್ನೆಲ್ಲ ಒಂದೇ ಗುಂಡಿಗೆ ಹಾಕಿ ಸುಣ್ಣ ಸುರಿದರು. ಮಗಳು ಇಲ್ಲಿದ್ದಾಳೆಂದು ತೋರಿಸಲು ಒಂದು ಕಲ್ಲೂ ಇಲ್ಲ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯದೆ ಬಿಡುವುದು ತಪ್ಪಾಗುತ್ತದೆ.

ರೋಗ ಇಳಿದು ಕಚೇರಿ ಬಾಗಿಲು ತೆರೆದಾಗ ಆಕೆ ಮತ್ತೆ ಕೆಲಸಕ್ಕೆ ಬಂದಳು. ಹೊಟ್ಟೆ ಕೇಳಬೇಕಲ್ಲ. ಎಲ್ಲರ ಆಸನದ ಹಿಂದೆಯೂ ನಿಂತಳು, ಬೆತ್ತದ ಕುರ್ಚಿಯನ್ನು ಮಾತ್ರ ಸುತ್ತಿ ಗುಡಿಸಿ ಹೊರಗೆ ಬಂದಳು. ಎಷ್ಟೋ ತಿಂಗಳು ಹೀಗೇ ನಡೆಯಿತು. ಇದು ಗೊತ್ತಿದ್ದದ್ದು ಜಗಲಿಯ ಮೇಲೆ ಕಿವಿಗೊಟ್ಟು ಕೂತಿರುತ್ತಿದ್ದ ಜಮಾಲ್ ಸಾಬನಿಗೆ. "ಪೊರಕೆ ಸದ್ದು ಅಲ್ಲಿ ನಿಲ್ತಾನೇ ಇರ್ಲಿಲ್ಲ. ಯಾಕಮ್ಮಾ ಅಂತ ಕೇಳೋಕೆ ನಂಗೆ ಯಾವ ಮುಖ ಐತೆ ಹೇಳ್ರಿ? ಅವತ್ತು ಕುದುರೆ ಲಗಾಮು ಹಿಡ್ಕಂಡಿದ್ದೋನು ನಾನೇ," ಎಂದು ಅವನು ನೆಲ ನೋಡುತ್ತಾನೆ.

ಬಾಯಿ ಬರದಿದ್ದರೆ ಆ ಒಬ್ಬರನ್ನು ಬಿಟ್ಟುಬಿಡು ಎಂದು ಮೂರ್ತಪ್ಪನವರೇ ಹೇಳಿದ್ದರು. ಆಕೆ ತನಗೆ ತಾನು ಆ ರಿಯಾಯಿತಿ ಕೊಟ್ಟುಕೊಳ್ಳಲಿಲ್ಲ. ಬಿಟ್ಟ ದಿನವೆಲ್ಲ ಮಾಡದ ಕೆಲಸಕ್ಕೆ ಕೂಲಿ ತೆಗೆದುಕೊಂಡ ಹಾಗೆ ಮನಸ್ಸು ಕುಟುಕುತ್ತಿತ್ತು. ಈ ಸುಗ್ಗಿಯ ಹೊತ್ತಿಗೆ ಒಂದು ಬೆಳಗ್ಗೆ ಬೆತ್ತದ ಕುರ್ಚಿಯ ಹತ್ತಿರ ಪೊರಕೆಯ ಸದ್ದು ನಿಂತಿತು. ಸುದ್ದಿ ತಿಳಿದ ಮೂರ್ತಪ್ಪನವರಿಗೆ ಹಿಗ್ಗೋ ಹಿಗ್ಗು. ಕ್ಷಮಿಸುವುದೆಂದರೆ ಏನೆಂದು ಈ ತಾಯಿಯಿಂದ ಕಲಿಯಿರಿ ಎಂದು ಭಾನುವಾರ ಸಭೆಯ ಮುಂದೆ ಆಕೆಯನ್ನು ಹೊಗಳಿದರು. ಹೊಗಳಿಕೆ ಮುಗಿಯುವ ಮುಂಚೆಯೇ ಆಕೆ ಸೆರಗು ಹೊದ್ದು ಎದ್ದುಹೋದಳು.

ಈಗ ಅಮಲ್ದಾರರಿಗೆ ವರ್ಗವಾಗಿದೆ. ಗಾಡಿಗೆ ಸಾಮಾನು ಏರಿಸಿದ್ದಾರೆ, ನಾಳೆ ಹೊರಡುತ್ತಾರೆ. ಇವತ್ತು ಗುಡಿಸುವುದು ಮುಗಿಸಿ ಹೊರಬಂದ ಏಕನಾಥಮ್ಮ ಜಮಾಲ್ ಸಾಬನ ಮುಂದೆ ನಿಲ್ಲುತ್ತಾಳೆ.

"ಸಾಬ್ರೇ, ಅವ್ರ ಹೆಸ್ರೇನು? ನಂಗೆ ಅಮಲ್ದಾರ್ರು ಅಂತಷ್ಟೇ ಗೊತ್ತು."

"ಹೆಸ್ರು ಯಾಕಮ್ಮಾ? ನಾಳೆ ಹೊರಟೇ ಹೋಗ್ತಾರಲ್ಲ."

"ನಾಳೆಗೆ ಆ ಕುರ್ಚಿ ಬೇರೆಯೋರ್ದಾಗ್ತೈತೆ. ಇವ್ರು ಎಲ್ಲಿಗೋದ್ರೂ ನನ್ ಪ್ರಾರ್ಥನೆ ತಪ್ಪಿಸ್ಕಂಡು ಹೋಗಬಾರ್ದು."

ಜಮಾಲ್ ಸಾಬ್ ಹೆಸರು ಹೇಳುತ್ತಾನೆ. ಪಾಠ ಒಪ್ಪಿಸುವವಳಂತೆ ಆಕೆ ಅದನ್ನು ತಡೆತಡೆದು ಹೇಳಿಕೊಳ್ಳುತ್ತಾಳೆ, ನಾಲಿಗೆಗೆ ಹೊಂದುವವರೆಗೂ ಬಿಡುವುದಿಲ್ಲ. ಇಷ್ಟು ದಿನ ಕೇಳಲಾರದೆ ಇದ್ದದ್ದನ್ನು ಜವಾನ ಈಗ ಮೆಲ್ಲಗೆ ಕೇಳುತ್ತಾನೆ.

"ಹಂಗಾದ್ರೆ ಅವ್ರನ್ನ ಮಾಫ್ ಮಾಡ್ಬಿಟ್ಯಾ ಅಮ್ಮಾ?"

"ಮೂರ್ತಪ್ಪಯ್ಯನೋರು ಹಂಗಂತಾರೆ. ನಾನಂದಿಲ್ಲ." ಏಕನಾಥಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಕೈ ಒರೆಸಿಕೊಳ್ಳುತ್ತಾಳೆ. "ನರಕಕ್ಕೋದ್ರೆ ಅವ್ರು ನನ್ ಪುಟ್ಟಕ್ಕನ್ನ ನೋಡೋದೇ ಇಲ್ವಲ್ಲ ಸಾಬ್ರೇ. ಅದಕ್ಕೇ ಪರಲೋಕಕ್ಕೆ ಹೋಗ್ಲಿ ಅಂತ ಕೇಳ್ಕಂತೀನಿ. ಅವಳು ಅಲ್ಲೇ ಅದಾಳೆ. ಅಲ್ಲಿ ಕುದುರೆ ಇರಾಕಿಲ್ಲ. ಬಗ್ಗಿ ಅವಳ ಕಾಲು ನೋಡ್ಲಿ."