ಡ್ರೈವ್ ಉಳಿಸಲು ಮುಟ್ಟಿದ ಕ್ಯಾಬಿನೆಟ್

ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿರುವ ಗೆಳೆಯ ಕಲಬುರಗಿ ಕಡೆಯವನು. ಫ್ಯಾಕ್ಟರಿ ಕೆಲಸ ಮುಗಿಸಿ ಬಂದು ಸಣ್ಣ ವರ್ಕ್‌ಶಾಪ್‌ಗಳಿಗೆ ಯಂತ್ರಭಾಗಗಳ ಡ್ರಾಯಿಂಗ್ ಮಾಡಿಕೊಡುತ್ತಾನೆ. ಅವನ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಒಂದು ಡ್ರಾಯಿಂಗ್ ತೆರೆಯುವಷ್ಟರಲ್ಲಿ ಕುಕ್ಕರ್ ಎರಡು ಸಲ ಕೂಗುತ್ತಿತ್ತು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕೋಣ ಎಂದವನು ನಾನು. ಡಿಗ್ರಿ ಓದಿದವನೆಂದು ಆರಿಸುವ ಹೊಣೆಯೂ ನನಗೇ ಬಂತು.

ಒಂದು ವಾರ ವಿಮರ್ಶೆಗಳನ್ನು ಓದಿ, ಎಲ್ಲಕ್ಕಿಂತ ವೇಗದ್ದೇ ಬೇಕೆಂದು ತೀರ್ಮಾನಿಸಿ ಶಿವಾಜಿನಗರದ ಅಂಗಡಿಗೆ ಹೋದೆವು. ಅಂಗಡಿಯಾತ ನನ್ನ ಫೋನಿನಲ್ಲಿದ್ದ ಮದರ್‌ಬೋರ್ಡಿನ ಫೋಟೋ ನೋಡಿ ನಕ್ಕ.

"ನೀವು ಕೇಳ್ತಿರೋದು ಜೆನ್ ಫೋರ್ ಸಾರ್, ನಾಲ್ಕನೇ ತಲೆಮಾರಿಂದು. ನಿಮ್ಮ ಬೋರ್ಡ್ ಜೆನ್ ತ್ರೀ. ಹಾಕಿದ್ರೆ ನಡೀತದೆ, ಆದ್ರೆ ಬೋರ್ಡ್ ಬಿಟ್ಟಷ್ಟೇ ಸ್ಪೀಡು. ಸಿಗ್ನಲ್‌ನಲ್ಲಿ ನಿಲ್ಸೋಕೆ ರೇಸ್ ಬೈಕ್ ಯಾಕೆ ಭಾಯ್?"

"ಕೇಳಿಸ್ತೇನಲೇ ಪಂಡಿತ?" ಎಂದ ಗೆಳೆಯ.

ಜೆನ್ ತ್ರೀಯನ್ನೇ ಕೊಂಡೆವು. ಪೊಟ್ಟಣ ಕೊಡುವಾಗ ಅಂಗಡಿಯಾತ, "ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟು ತಗುಲಿದ್ರೆ ಡ್ರೈವ್ ಹೋಗ್ಬಿಡುತ್ತೆ, ಹುಷಾರು" ಎಂದಿದ್ದ. ಆ ಮಾತು ತಲೆಯಲ್ಲಿ ಕೂತಿತು. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಉಪಾಯ ಹುಡುಕಿದೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಹಾಗೆಯೇ ಬಿಟ್ಟು, ಕ್ಯಾಬಿನೆಟ್ಟಿನ ಲೋಹ ಮುಟ್ಟಬೇಕು. ಮೈಯ ಸ್ಟ್ಯಾಟಿಕ್ ಅರ್ತ್ ತಂತಿಯಲ್ಲಿ ಇಳಿದುಹೋಗುತ್ತದೆ ಎಂದಿತ್ತು. ಅಷ್ಟನ್ನು ಗಟ್ಟಿಯಾಗಿ ಓದಿ ಹೇಳಿದೆ. ಗೋಡೆಯ ಸ್ವಿಚ್ ಆರಿಸಿರಬೇಕು ಎಂಬುದು ಮುಂದಿನ ಸಾಲಿನಲ್ಲಿತ್ತು. ನಾನು ಅಲ್ಲಿಯವರೆಗೆ ಓದಲಿಲ್ಲ.

ಗೆಳೆಯ ಆಗಷ್ಟೇ ನೆಲ ಒರೆಸಿದ್ದ. ಎಕ್ಸ್‌ಟೆನ್ಷನ್ ಬಾಕ್ಸನ್ನು ಮೂಲೆಯಿಂದ ಎಳೆದು ಈಚೆಗಿಟ್ಟು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಯಾಬಿನೆಟ್ಟಿನ ಅಂಚು ಹಿಡಿದ. ಅವನ ಭುಜ ಅಲುಗತೊಡಗಿತು.

"ನಾಟಕ ಸಾಕು ಗುರು" ಎಂದು ನಕ್ಕೆ. ಅವನು ಇಂಥ ತಮಾಷೆ ಮಾಡುವವನೇ. ಮತ್ತೂ ನಕ್ಕೆ. ಆಮೇಲೆ ಅವನ ಬೆರಳು ಕಂಡವು. ಅವು ಅಂಚನ್ನು ಬಿಡುತ್ತಿರಲಿಲ್ಲ. ಹಾರಿ ಗೋಡೆಯ ಸ್ವಿಚ್ ಆರಿಸಿದೆ. ಅವನು ಪಕ್ಕಕ್ಕೆ ಉರುಳಿದ.

ಇಸಿಜಿ ಸರಿಯಾಗಿದೆ ಎಂದರು ಡಾಕ್ಟರು. ಎರಡು ಬೆರಳು ಮಾತ್ರ ಸುಟ್ಟಿದ್ದವು. ಎಳೆದಾಗ ಎಕ್ಸ್‌ಟೆನ್ಷನ್ ಬಾಕ್ಸಿನೊಳಗೆ ಕರೆಂಟಿನ ತಂತಿ ಕಳಚಿ ಅರ್ತ್ ತಂತಿಗೆ ತಾಗಿತ್ತು, ಗೋಡೆಯ ಪಾಯಿಂಟಿಗೆ ಅರ್ತನ್ನೇ ಕೊಟ್ಟಿರಲಿಲ್ಲವಾದ್ದರಿಂದ ಕರೆಂಟು ಕ್ಯಾಬಿನೆಟ್ಟಿಗೇ ಹರಿದಿತ್ತು ಎಂದು ಎಲೆಕ್ಟ್ರಿಷಿಯನ್ ತೋರಿಸಿದ. ಮನೆ ಮಾಲೀಕರು ಅರ್ತ್ ಹಾಕಿಸಿದರು. ಡ್ರೈವನ್ನು ಅಂಗಡಿಯಲ್ಲೇ ಕೂರಿಸಿಕೊಂಡು ಬಂದೆವು. ಡ್ರಾಯಿಂಗ್ ಈಗ ಕ್ಲಿಕ್ಕಿಸಿದ ಕೂಡಲೇ ತೆರೆಯುತ್ತದೆ.

ಆದರೆ ನಾನು ನಕ್ಕದ್ದಕ್ಕೂ ಸ್ವಿಚ್ಚಿಗೂ ನಡುವೆ ಎಷ್ಟು ಸೆಕೆಂಡು ಹೋದವು ಎಂದು ಈಗಲೂ ಎಣಿಸುತ್ತೇನೆ. ಒಂದೊಂದು ದಿನ ನಾಲ್ಕು ಎನಿಸುತ್ತದೆ, ಒಂದೊಂದು ದಿನ ಹತ್ತು. ಗೆಳೆಯನೋ ಬಂದವರಿಗೆಲ್ಲ, "ನಮ್ಮ ದೋಸ್ತ ಕಣ್ಣ ಮುಚ್ಚಿ ತೆಗೆಯೋದ್ರಾಗ ಸ್ವಿಚ್ ಆರಿಸ್ದ" ಎಂದು ಹೇಳಿಕೊಂಡು ಬಂದ. ಕಳೆದ ವಾರ ತಡೆಯಲಾಗಲಿಲ್ಲ.

"ತಕ್ಷಣ ಆರಿಸ್ಲಿಲ್ಲ ಕಣೋ. ಮೊದಲು ನಕ್ಕೆ."

ಅವನು ಮಾನಿಟರಿನಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತದಲೇ. ನೀ ನಗೋದು ನಂಗ ಕೇಳಸ್ಲಿಕತ್ತಿತ್ತು."